ಕುಶನ್ ಅಂಗಡಿಯಲ್ಲಿ ಕಲಿತ ಕ್ರೋಷಾ

ಆ ವರ್ಷಗಳೆಂದರೆ ನನಗೆ ಮೊದಲು ನೆನಪಾಗುವುದು ದಣಿವು. ಎರಡು ಸಾವಿರದ ದಶಕದ ನಡುವಿನ ಕಾಲ. ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆ ಇದ್ದದ್ದು ಚಾಮರಾಜನಗರದಲ್ಲಿ. ಹೆಂಡತಿಗೆ ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಮಗಳು ಆಗಷ್ಟೇ ಎಲ್‌ಕೆಜಿ ಸೇರಿದ್ದಳು. ಇಬ್ಬರಲ್ಲಿ ಒಬ್ಬರು ಓಡಾಡಲೇಬೇಕಿತ್ತು, ಹಾಗಾಗಿ ನಾನು ಓಡಾಡುತ್ತಿದ್ದೆ. ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ತೆರಕಣಾಂಬಿ ಬರುವ ಮೊದಲೇ ನಿದ್ದೆ. ಕೂರಲು ಜಾಗ ಸಿಗದ ದಿನ ಕಂಬಿ ಹಿಡಿದು ನಿಂತೇ ತೂಕಡಿಸುತ್ತಿದ್ದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಅಂಗೈಯಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇರುತ್ತಿತ್ತು. ತೊಳೆದುಕೊಂಡು ಬರುವುದಕ್ಕೂ ಬೇಸರ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಹೆಡ್‌ಮಾಸ್ಟರು ನನ್ನನ್ನು ತಮ್ಮ ರೂಮಿಗೆ ಕರೆಸಿದರು.

"ಹೊಲಿಗೆ ಮೇಡಂ ಅವ್ರೂರ್ಗೆ ವರ್ಗ ಮಾಡಿಸ್ಕಂಡು ಓದ್ರು. ಇನ್ನೊಬ್ರು ಬರೋಗಂಟ ಎಂಟನೇ ಕ್ಲಾಸಿನ ಹೆಣ್ಮಕ್ಕಳ ಆ ಪೀರಿಯಡ್ ನೀವೇ ನೋಡ್ಕಳಿ ಮೇಷ್ಟ್ರೇ."

"ಸಾರ್, ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

"ನಂಗೇನು ಬತ್ತದಾ? ಟೈಂಟೇಬಲ್ ನೋಡಿ, ಆ ಹೊತ್ನಲ್ಲಿ ಖಾಲಿ ಇರೋರು ನೀವೊಬ್ರೇ. ಏನೋ ಒಂದು ಮಾಡ್ಸಿ. ಗಲಾಟೆ ಆಗ್ದಂಗೆ ನೋಡ್ಕಂಡ್ರೆ ಸಾಕು."

ನನಗೆ ವಾದ ಮಾಡುವಷ್ಟು ಶಕ್ತಿ ಇರಲಿಲ್ಲ. ಆಗಲಿ ಸಾರ್ ಎಂದು ಬಂದೆ.

ಆ ಪೀರಿಯಡ್ಡಿನಲ್ಲಿ ಹುಡುಗರು ಪಿ.ಟಿ. ಮೇಷ್ಟ್ರ ಜೊತೆ ಶಾಲೆಯ ಹಿಂದಿನ ಕೈತೋಟಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಮಾತ್ರ ಕ್ಲಾಸಿನಲ್ಲಿ ಉಳಿಯುತ್ತಿದ್ದರು. ಮೊದಲ ಕೆಲವು ವಾರ ಬಾಕಿ ಉಳಿದಿದ್ದ ಬೀಜಗಣಿತವನ್ನೇ ಮಾಡಿದೆ. ಅವರ ಮುಖ ಊದಿಕೊಂಡಿರುತ್ತಿತ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾ, ಇದು ಕೈಕೆಲಸದ ಪೀರಿಯಡ್ಡಲ್ವಾ ಸಾ? ಮೇಡಂ ಕ್ರೋಷಾ ಸುರು ಮಾಡಿದ್ರು. ಚೈನು ಕಲಿಸ್ತೀನಿ ಅಂತೇಳಿ ಓಗ್ಬುಟ್ರು."

ಸರಿ, ನೋಡೋಣವೆಂದು ಬೀರು ತೆಗೆಸಿದೆ. ಒಳಗೆ ಉಲ್ಲನ್ ದಾರದ ಉಂಡೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡು ಬಿದ್ದಿದ್ದವು. ಕೆಂಪು, ಗಿಣಿಹಸಿರು, ಅರಿಶಿನ ಬಣ್ಣ. ಒಂದು ಮೂಲೆಯಲ್ಲಿ ಇಲಿ ಗೂಡು ಮಾಡಿತ್ತು. ತಗಡಿನ ಡಬ್ಬಿಯೊಂದರಲ್ಲಿ ತುದಿಗೆ ಸಣ್ಣ ಕೊಕ್ಕೆ ಇರುವ ಕಡ್ಡಿಗಳು. ಆ ದಿನ ಪೀರಿಯಡ್ ಪೂರ್ತಿ ಹುಡುಗಿಯರೆಲ್ಲ ನೆಲದ ಮೇಲೆ ಕೂತು ಸಿಕ್ಕು ಬಿಡಿಸಿದರು. ನಾನೂ ಒಂದು ಉಂಡೆ ಹಿಡಿದು ಕೂತೆ. ಸಿಕ್ಕು ಬಿಡಿಸುವುದಕ್ಕೆ ಯಾವ ವಿದ್ಯೆಯೂ ಬೇಡವೆಂದು ಸಮಾಧಾನವಾಯಿತು. ಆದರೆ ಮುಂದಿನ ವಾರಕ್ಕೆ ಬಿಡಿಸಲು ಸಿಕ್ಕೇ ಉಳಿದಿರಲಿಲ್ಲ.

"ಯಾರಿಗಾದ್ರೂ ಮನೇಲಿ ಇದು ಬರುತ್ತೇನ್ರಮ್ಮಾ?" ಎಂದು ಕೇಳಿದೆ.

ಮುಂದಿನ ಸಾಲಿನ ಒಬ್ಬಳು ಕೈ ಎತ್ತಿದಳು. ಗುಂಡ್ಲುಪೇಟೆಯವಳೇ, ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ. ಲೆಕ್ಕದಲ್ಲಿ ಚುರುಕು, ಅಕ್ಷರ ಮಾತ್ರ ಕೋಳಿ ಕೆದರಿದಂತೆ.

"ನಮ್ಮ ಅಬ್ಬಾಗೆ ಬರುತ್ತೆ ಸಾರ್."

"ಅಮ್ಮನಿಗಾ?"

"ಅಮ್ಮಿಗೆ ಬರಲ್ಲ ಸಾರ್. ಅಬ್ಬಾಗೆ. ಟೋಪಿ ಹಾಕ್ತಾರೆ."

ಉಳಿದವರೆಲ್ಲ ನಕ್ಕರು. ಅವಳು ನಗಲಿಲ್ಲ. ಸಂಜೆ ಅಂಗಡಿ ತೋರಿಸುತ್ತೇನೆ ಎಂದಳು.

ಅಂಗಡಿ ಇದ್ದದ್ದು ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಹೆದ್ದಾರಿಗೆ ಮುಖ ಮಾಡಿಕೊಂಡು. ಲಾರಿಗಳ ಸೀಟಿಗೆ ಕುಶನ್ ಹಾಕುವ ಅಂಗಡಿ. ಕೇರಳದ ಕಡೆಗೆ ಈರುಳ್ಳಿ, ತರಕಾರಿ ಹೊತ್ತು ಹೋಗುವ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಹರಿದ ಸೀಟನ್ನು ಇಳಿಸಿ, ಹಳೆಯ ನಾರು ಕಿತ್ತು, ಹೊಸದು ತುಂಬಿ, ಮೇಲೆ ರೆಕ್ಸಿನ್ ಎಳೆದು ಹೊಲಿಯುವುದು ಹುಡುಗಿಯ ತಂದೆಯ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಅಂಗಿಯ ತೋಳಿನ ತುಂಬ ತೆಂಗಿನ ನಾರು ಅಂಟಿಕೊಂಡಿತ್ತು. ಮಗಳು ಬಂದ ವಿಷಯ ಹೇಳಿದಾಗ ಅವರಿಗೆ ಸಂಕೋಚವಾಯಿತು. ಅವಳನ್ನು ಮನೆಗೆ ಕಳಿಸಿ, ನನಗೆ ಬಿಚ್ಚಿಟ್ಟಿದ್ದ ಲಾರಿಯ ಸೀಟೊಂದನ್ನೇ ಕೂರಲು ತೋರಿಸಿದರು. ಎಂಥ ಮೆತ್ತನೆಯ ಸೀಟು. ಬೆಳಗಿನಿಂದ ನಿಂತಿದ್ದ ಕಾಲು ಒಂದೇ ಸಲಕ್ಕೆ ಸಡಿಲವಾಯಿತು.

"ಭಾಯ್, ನಿಮಗೆ ತೊಂದ್ರೆ ಆಗೋದಾದ್ರೆ ಬೇಡ," ಎಂದೆ.

"ತೊಂದ್ರೆ ಏನಿಲ್ಲ ಸಾರ್. ಆದ್ರೆ ನಂಗೆ ಟೋಪಿ ಒಂದೇ ಬರೋದು. ನಮ್ಮ ಅಮ್ಮಿ ಕಲಿಸಿದ್ದು. ಚಿಕ್ಕೋನಿದ್ದಾಗ ಕಾಲು ಮುರ್ಕೊಂಡು ಮನೇಲಿ ಬಿದ್ದಿದ್ದೆ. ಸುಮ್ನೆ ಕೂತ್ರೆ ತಲೆ ತಿಂತೀಯ ಅಂತ ಕೈಗೆ ಕಡ್ಡಿ ಕೊಟ್ಬುಟ್ರು. ಆವಾಗಿಂದ ಹಂಗೇ ನಡೀತಾ ಐತೆ. ಲಾರಿ ಇಲ್ದೇ ಇರೋ ಟೈಮಲ್ಲಿ ಎರಡು ಸುತ್ತು ಹಾಕ್ತೀನಿ."

ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಿಂದ ಬಿಳಿ ದಾರ ಮತ್ತು ಕಡ್ಡಿ ತೆಗೆದರು. ಅವರ ಬೆರಳುಗಳು ದಪ್ಪ, ಉಗುರುಗಳ ಅಂಚಿನಲ್ಲಿ ಅಂಟಿನ ಕಲೆ. ಆ ಬೆರಳುಗಳ ನಡುವೆ ಕಡ್ಡಿ ಕಾಣುತ್ತಲೇ ಇರಲಿಲ್ಲ. ದಾರಕ್ಕೊಂದು ಕುಣಿಕೆ ಹಾಕಿ, ಕೊಕ್ಕೆಯಿಂದ ದಾರ ಎಳೆದು ಆ ಕುಣಿಕೆಯೊಳಗಿಂದ ಹೊರಗೆ ತಂದರು. ಮತ್ತೆ ಎಳೆದರು, ಮತ್ತೆ ತಂದರು. ಒಂದು ಸಣ್ಣ ಜಡೆ ಬೆಳೆಯುತ್ತಾ ಬಂತು. ಅದೇ ಚೈನು. ನನ್ನ ಕೈಗೆ ಕೊಟ್ಟರು. ನಾನು ಎಳೆದದ್ದು ಗಂಟಾಯಿತು. ಬಿಚ್ಚಿ ಮತ್ತೆ ಎಳೆದೆ. ಈ ಸಲ ಕುಣಿಕೆ ಎಷ್ಟು ಬಿಗಿಯಾಯಿತೆಂದರೆ ಕಡ್ಡಿ ಒಳಗೆ ಹೋಗಲೇ ಇಲ್ಲ.

"ನೀವು ಬಿಗಿ ಎಳೀತೀರಿ ಸಾರ್. ಸ್ವಲ್ಪ ಲೂಸ್ ಬುಡಿ. ಯಾರೂ ಕಿತ್ಕೊಂಡು ಓಗಲ್ಲ."

ಅಂದಿನಿಂದ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಆ ಅಂಗಡಿಗೆ ಹೋಗಿ ಕೂರುವುದು ರೂಢಿಯಾಯಿತು. ಅವರಿಗೆ ಕೆಲಸವಿದ್ದರೆ ನಾನೊಬ್ಬನೇ ಲಾರಿ ಸೀಟಿನ ಮೇಲೆ ಕೂತು ಚೈನು ಹಾಕುತ್ತಿದ್ದೆ. ಕೆಲಸವಿಲ್ಲದಿದ್ದರೆ ಇಬ್ಬರೂ ಎದುರುಬದುರು ಕೂತು ಕಡ್ಡಿ ಆಡಿಸುತ್ತಿದ್ದೆವು. ಚೈನಾದ ಮೇಲೆ ಕಂಬ ಕಲಿತೆ. ಕಡ್ಡಿಗೆ ಒಂದು ಸುತ್ತು ದಾರ ಸುತ್ತಿಕೊಂಡು, ಕೆಳಗಿನ ಸಾಲಿನ ಕಣ್ಣಿಗೆ ಚುಚ್ಚಿ, ದಾರ ಮೇಲೆ ತಂದು, ಎರಡೆರಡು ಎಳೆಯಾಗಿ ಬಿಡಿಸಿದರೆ ಒಂದು ಪುಟ್ಟ ಕಂಬ ನಿಲ್ಲುತ್ತದೆ. ಚೈನನ್ನು ಉಂಗುರದ ಹಾಗೆ ಕೂಡಿಸಿ ಅದರೊಳಗೆ ಸುತ್ತಲೂ ಕಂಬ ನಿಲ್ಲಿಸಿದರೆ ಟೋಪಿಯ ನೆತ್ತಿ. ನಮ್ಮಿಬ್ಬರ ನಡುವೆ ಹೆಚ್ಚು ಮಾತಿರುತ್ತಿರಲಿಲ್ಲ. ಯಾವ ಲಾರಿ ಎಲ್ಲಿ ಕೆಟ್ಟು ನಿಂತಿದೆ, ಟೊಮೆಟೊಗೆ ಈ ವಾರ ಏನು ಗತಿ, ಇಷ್ಟೇ. ಎದುರಿಗೆ ಲಾರಿಗಳು ಹೋಗುತ್ತಿದ್ದರೆ ಅಂಗಡಿಯ ತಗಡು ನಡುಗುತ್ತಿತ್ತು. ಯಾರೂ ನನ್ನನ್ನು ಸಾರ್, ಇದು ಅರ್ಥ ಆಗಲಿಲ್ಲ ಎಂದು ಕೇಳುತ್ತಿರಲಿಲ್ಲ. ದಿನದಲ್ಲಿ ನಾನು ಉಸಿರು ಬಿಡುತ್ತಿದ್ದ ಹೊತ್ತು ಅದೊಂದೇ.

ಕಲಿತದ್ದು ಮರೆಯಬಾರದೆಂದು ಬಸ್ಸಿನಲ್ಲೂ ಹಾಕತೊಡಗಿದೆ. ಕೂರಲು ಸೀಟು ಸಿಕ್ಕಿದ ದಿನ ಕೈಚೀಲದೊಳಗೇ ಉಂಡೆ ಇಟ್ಟುಕೊಂಡು ದಾರ ಮಾತ್ರ ಹೊರಗೆ ಎಳೆದುಕೊಳ್ಳುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದು ಕೇಳಿದಳು.

"ಯಾರ್ಗಪ್ಪ ಅದು? ನಿನ್ನೆಡ್ತಿ ಬಸುರಿಯಾ?"

"ಇಲ್ಲ ಕಣಜ್ಜಿ. ಇಸ್ಕೂಲ್ ಮಕ್ಕಳಿಗೆ ಹೇಳಿಕೊಡೋಕೆ."

"ಗಂಡ್ಸು ನೀನು ಇದ್ನ ಯೋಳ್ಕೊಡ್ತೀಯಾ? ಎಂಗಸ್ರು ಯಾರೂ ಇಲ್ವಾ ಅಲ್ಲಿ?"

ಕಂಡಕ್ಟರು ಹಿಂದಿನಿಂದ, "ಮೇಷ್ಟ್ರೇ, ನಮ್ಮ ಗೇರ್‌ಬಾಕ್ಸಿಗೂ ಒಂದು ಸ್ವೆಟರ್ ಹಾಕ್ಬುಡಿ, ಚಳೀಲಿ ಸ್ಟಾರ್ಟೇ ಆಗಕಿಲ್ಲ," ಎಂದ. ಬಸ್ಸೆಲ್ಲ ನಕ್ಕಿತು. ನನಗೆ ನಗುವುದಕ್ಕೂ ಸಿಟ್ಟಾಗುವುದಕ್ಕೂ ಬಿಡುವಿರಲಿಲ್ಲ, ಸಾಲಿನ ಲೆಕ್ಕ ತಪ್ಪುತ್ತಿತ್ತು.

ಆ ಬಸ್ಸಿನಲ್ಲಿ ನನ್ನ ಹೆಂಡತಿಯ ಕಚೇರಿಯವರೂ ಒಬ್ಬರು ಓಡಾಡುತ್ತಿದ್ದರು. ಸುದ್ದಿ ಮನೆ ಸೇರಿತು. ಒಂದು ಸಂಜೆ ನಾನು ಬರುವಾಗ ಅವಳು ಮಗಳ ಯೂನಿಫಾರಂ ಒಗೆದು ಹಿಂಡುತ್ತಿದ್ದಳು. ಹಿಂಡುತ್ತಲೇ ಕೇಳಿದಳು.

"ಬಸ್ಸಲ್ಲಿ ದಾರ ಇಟ್ಕಂಡು ಅದೇನೋ ಮಾಡ್ತೀರಂತೆ?"

ಹೇಳಿದೆ. ಪೀರಿಯಡ್ಡು, ಬೀರು, ಕುಶನ್ ಅಂಗಡಿ ಎಲ್ಲ. ಜನ ಏನನ್ನುತ್ತಾರೆ ಎಂದು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಾಗನ್ನಲಿಲ್ಲ.

"ಅಂದ್ರೆ ದಿನಾ ಆ ಅಂಗಡೀಲಿ ಕೂತ್ಕಂಡು ಬತ್ತಿದ್ರಿ. ಮೊದಲ್ನೇ ಬಸ್ಸು ಸಿಕ್ಕಲಿಲ್ಲ ಅಂತ ನಾನು ಅನ್ಕಂಡಿದ್ದೆ."

"ಅರ್ಧ ಗಂಟೆ ಅಷ್ಟೇ ಕಣೆ."

"ಆಗ್ಲಿ. ಕೂತ್ಕಳಿ. ನಾನು ಬೇಡ ಅನ್ನಲ್ಲ. ಆದ್ರೆ ನಂಗ್ಯಾರು ಕೊಡ್ತಾರೆ ಆ ಅರ್ಧ ಗಂಟೆ? ಆಪೀಸಿಂದ ಬಂದೋಳು ಸೀರೆನೂ ಬದಲಾಯಿಸ್ದೆ ಮಗೂನ ಕರ್ಕಬರಕ್ಕೆ ಓಡ್ತೀನಿ. ಓನರಮ್ಮ ದಿನಾ ಬಾಗ್ಲಲ್ಲೇ ನಿಂತಿರ್ತಾರೆ, ಮುಖ ಗಂಟಾಕ್ಕಂಡು."

ಮನೆ ಮಾಲೀಕರ ಹೆಂಡತಿ ಶಾಲೆ ಬಿಟ್ಟ ಮೇಲೆ ನಮ್ಮ ಮಗಳನ್ನು ನೋಡಿಕೊಳ್ಳುತ್ತಿದ್ದರು. ಒಪ್ಪಿಕೊಳ್ಳುವಾಗ ಇದ್ದ ಉತ್ಸಾಹ ಆಮೇಲೆ ಅವರಿಗೂ ಇಳಿದುಹೋಗಿತ್ತು. ಹೆಂಡತಿ ಹಿಂಡಿದ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಜಗಳ ಮಾಡಲೂ ನಮ್ಮಿಬ್ಬರಿಗೂ ಸುಸ್ತಾಗಿರುತ್ತಿದ್ದ ಕಾಲ ಅದು. ರಾತ್ರಿ ಊಟಕ್ಕೆ ಕೂತಾಗ ತೀರ್ಮಾನವಾಯಿತು. ದಿನ ಬಿಟ್ಟು ದಿನ ನಾನು ಮೊದಲ ಬಸ್ಸಿಗೇ ಬಂದು ಮಗಳನ್ನು ಕರೆದುಕೊಳ್ಳುವುದು. ಆ ದಿನಗಳಲ್ಲಿ ಅವಳು ಕಚೇರಿಯಿಂದ ನಿಧಾನವಾಗಿ ನಡೆದುಕೊಂಡು ಬರುವುದು. ನಡೆದು ಬಂದ ದಿನ ಅವಳ ಕೈಯಲ್ಲಿ ಒಂದೊಂದು ಸಲ ಹುರಿಗಡಲೆಯ ಪೊಟ್ಟಣ ಇರುತ್ತಿತ್ತು.

ಇತ್ತ ಕ್ಲಾಸಿನಲ್ಲಿ ಹುಡುಗಿಯರು ಚೈನು ದಾಟಿ ಕಂಬಕ್ಕೆ ಬಂದಿದ್ದರು. ಕೆಲವರು ನನಗಿಂತ ಬೇಗ ಕಲಿತು ಪಕ್ಕದವರಿಗೆ ಹೇಳಿಕೊಡುತ್ತಿದ್ದರು. ಟೀಪಾಯಿಯ ಮೇಲೆ ಹಾಸುವ ದುಂಡನೆಯ ಮ್ಯಾಟು ಮಾಡೋಣವೆಂದು ಹೇಳಿದೆ. ಎಲ್ಲರೂ ಉತ್ಸಾಹದಿಂದ ಸುತ್ತು ಹಾಕಿದರು. ಎರಡು ವಾರ ಕಳೆದು ತಂದು ತೋರಿಸಿದಾಗ ಮ್ಯಾಟುಗಳೆಲ್ಲ ಬಟ್ಟಲಾಗಿದ್ದವು. ಮೇಜಿನ ಮೇಲೆ ಇಟ್ಟರೆ ಅಂಚು ಮೇಲೆದ್ದು ನಿಲ್ಲುತ್ತಿತ್ತು. ಒಬ್ಬಳು ತನ್ನದನ್ನು ಪಕ್ಕದವಳ ತಲೆಗೆ ಮಗುಚಿ ಹಾಕಿದಳು. ಸರಿಯಾಗಿ ಕೂತಿತು.

ಸಂಜೆ ಒಂದೆರಡನ್ನು ಅಂಗಡಿಗೆ ಒಯ್ದೆ. ಭಾಯ್ ತಿರುಗಿಸಿ ನೋಡಿದರು.

"ಟೋಪಿ ಆಗೈತೆ ಸಾರ್."

"ಆಗಬಾರದಿತ್ತು."

"ನಾನು ಹೇಳ್ಕೊಟ್ಟಿದ್ದು ಅದೇ ಅಲ್ವಾ. ಟೋಪಿ ಅಂದ್ರೆ ಬಗ್ಗಲೇಬೇಕು. ಬಗ್ಗದೇ ಇರಂಗೆ ಹಾಕೋದು ನಂಗೆ ಗೊತ್ತಿಲ್ಲ."

ಇಬ್ಬರೂ ಕೂತು ಯೋಚಿಸಿದೆವು. ಸುತ್ತು ದೊಡ್ಡದಾದಂತೆ ಅದರ ಪರಿಧಿಯೂ ಬೆಳೆಯಬೇಕು, ನಾವು ಕಂಬಗಳ ಸಂಖ್ಯೆಯನ್ನು ಹೆಚ್ಚಿಸದೆ ಬಿಟ್ಟಿದ್ದರಿಂದ ಅಂಚು ಎಳೆದುಕೊಂಡು ಮೇಲೇಳುತ್ತಿದೆ ಎಂದು ನಾನು ಹೇಳಿದೆ. ಅವರು ಹೌದು, ನೆತ್ತಿ ಮುಗಿದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸುತ್ತೇನೆ, ಆವಾಗಲೇ ಇಳಿಯೋದು ಎಂದರು. ಹಾಗಾದರೆ ನಿಲ್ಲಿಸದೆ ಹೆಚ್ಚಿಸುತ್ತಲೇ ಹೋಗಬೇಕು. ಕೂಡಲೇ ಒಂದು ಹಾಕಿ ನೋಡಿದೆವು. ಹೆಚ್ಚಿಸಿದ್ದು ಅತಿಯಾಗಿ ಅದು ಲಂಗದ ಅಂಚಿನ ಹಾಗೆ ನಿರಿಗೆ ನಿರಿಗೆಯಾಯಿತು. ಭಾಯ್ ಅದನ್ನು ನೋಡಿ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಬಿಚ್ಚಿದೆವು, ಮತ್ತೆ ಹಾಕಿದೆವು. ಅಂತೂ ಒಂದು ಮ್ಯಾಟು ಮೇಜಿಗೆ ಅಂಟಿಕೊಂಡು ಮಲಗಿತು. ಅದೇ ಹದದಲ್ಲಿ ಅಂಚಿಗೆ ಎಸಳು ಬರುವ ಹಾಗೆ ಮಾಡಿ ಹೂ ಹಾಕುವುದನ್ನೂ ಕಂಡುಕೊಂಡೆವು.

ಚಳಿಗಾಲದ ಕೊನೆಯಲ್ಲಿ ಶಾಲಾ ವಾರ್ಷಿಕೋತ್ಸವ. ಮಕ್ಕಳ ಕೈಕೆಲಸ ಪ್ರದರ್ಶನಕ್ಕಿಡಬೇಕು ಎಂದು ಹೆಡ್‌ಮಾಸ್ಟರು ಹೇಳಿದರು. ಸಭಾಂಗಣದ ಬಾಗಿಲಿಗೆ ಒಂದು ತೋರಣ ಮಾಡೋಣ ಅಂತ ಹುಡುಗಿಯರೇ ಹೇಳಿದರು. ಒಬ್ಬೊಬ್ಬಳು ಒಂದೊಂದು ಹೂ, ಕೆಳಗೆ ಕುಚ್ಚು. ಎಲ್ಲ ಹೂಗಳನ್ನು ಉದ್ದನೆಯ ಹಸಿರು ಪಟ್ಟಿಗೆ ಸೇರಿಸಿ ತೂಗುಬಿಡುವುದು. ಪಟ್ಟಿ ಹಾಕುವ ಕೆಲಸ, ಹೂ ಕೂಡಿಸುವ ಕೆಲಸ ನನ್ನದು ಮತ್ತು ಭಾಯ್ ಅವರದು ಎಂದು ಮಾತಾಯಿತು.

ಅರ್ಧ ಪಟ್ಟಿ ಆಗಿತ್ತೋ ಇಲ್ಲವೋ, ಒಂದು ಸಂಜೆ ಭಾಯ್ ಕೈಯಿಂದ ಕಡ್ಡಿ ಜಾರಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು.

"ಏನಾಯ್ತು ಭಾಯ್?"

"ಜೋಮು ಹಿಡಿದೈತೆ ಸಾರ್. ಮೂರು ಬೆರಳು. ಒಂದು ತಿಂಗಳಾಯ್ತು. ಬೆಳಿಗ್ಗೆ ಎದ್ರೆ ಕೈ ನಂದೇ ಅಲ್ಲ ಅನ್ಸುತ್ತೆ."

"ಡಾಕ್ಟರಿಗೆ ತೋರಿಸಲಿಲ್ವಾ?"

"ಲಾರಿ ಬಂದ್ರೆ ಎಲ್ಲಿ ತೋರ್ಸೋದು? ರೆಕ್ಸಿನ್ ಎಳ್ದು ಎಳ್ದು ಹಿಂಗಾಗೈತೆ, ತಾನೇ ಸರಿ ಹೋಗುತ್ತೆ ಅನ್ಕೊಂಡೆ."

ಸರಿಹೋಗಲಿಲ್ಲ. ಮೈಸೂರಿನಲ್ಲಿ ತೋರಿಸಿದರು. ಮಣಿಕಟ್ಟಿನಲ್ಲಿ ನರ ಹಿಸುಕಿಕೊಂಡಿದೆ, ಆಪರೇಷನ್ ಆಗಬೇಕು ಎಂದರಂತೆ. ಆಪರೇಷನ್ ಆಯಿತು, ಅಂಗಡಿಯ ಷಟರು ಇಳಿಯಿತು. ಮಗಳು ಶಾಲೆಗೆ ಬರುತ್ತಿದ್ದಳು. ಅವಳ ಹೂ ಎಲ್ಲರದಕ್ಕಿಂತ ಮೊದಲು ಸಿದ್ಧವಾಗಿತ್ತು. ಅಬ್ಬಾ ಹೇಗಿದ್ದಾರೆ ಎಂದು ಕೇಳಿದರೆ, "ಮಲ್ಕೊಂಡೇ ಇರ್ತಾರೆ ಸಾರ್, ಆದ್ರೆ ಸುಮ್ನೆ ಮಲ್ಕೊಳಕ್ಕೆ ಅವ್ರಿಗೆ ಬರಲ್ಲ," ಎಂದಳು.

ಹೂಗಳು ಒಂದೊಂದಾಗಿ ಬಂದವು. ಒಬ್ಬಳದು ಅಂಗೈಯಗಲ, ಇನ್ನೊಬ್ಬಳದು ಗುಂಡಿಯಷ್ಟು. ಕೆಂಪು ಮುಗಿದುಹೋಗಿ ಅರ್ಧ ಕೆಂಪು ಅರ್ಧ ಹಳದಿ ಆದವೂ ಇದ್ದವು. ಕುಶನ್ ಅಂಗಡಿ ಮುಚ್ಚಿದ್ದರಿಂದ ಎಲ್ಲವನ್ನೂ ಮನೆಗೆ ತಂದೆ. ಬಸ್ಸಿನಲ್ಲಿ ಪಟ್ಟಿ ಹಾಕಿದೆ, ಮನೆಯಲ್ಲಿ ಹೂ ಕೂಡಿಸಿದೆ. ಉತ್ತರ ಪತ್ರಿಕೆಗಳ ಕಟ್ಟು ಒಂದು ಪಕ್ಕ ಕಾಯುತ್ತಿತ್ತು. ಒಂದು ಸಂಜೆ ಕಡ್ಡಿ ಹಿಡಿದುಕೊಂಡೇ ಗೋಡೆಗೊರಗಿ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಹೆಂಡತಿ ಎದುರಿಗೆ ಕೂತು ಹೂಗಳ ಹಿಂದೆ ಜೋತಾಡುತ್ತಿದ್ದ ದಾರದ ತುದಿಗಳನ್ನು ಸೂಜಿಯಿಂದ ಒಳಗೆ ಸೇರಿಸಿ ಕತ್ತರಿಸುತ್ತಿದ್ದಳು. ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು.

"ಬಿಡು, ನಾನು ಮಾಡ್ತೀನಿ," ಎಂದೆ.

"ನೀವೆಲ್ಲಿ ಮಾಡ್ತೀರಿ, ಗೊರಕೆ ಹೊಡೀತಾ ಕೂತಿದ್ರಿ. ಇದೇನು ಈ ಹೂ ಹಿಂಗೈತೆ, ಬೋಂಡದಂಗೆ?"

"ಪಾಪ, ಆ ಹುಡುಗಿಗೆ ಅಷ್ಟೇ ಬಂದದ್ದು."

"ಅವ್ಳದ್ನ ನಡುವ್ಕೆ ಹಾಕಿ. ಸೈಡಿಗಾಕಿದ್ರೆ ಎದ್ದು ಕಾಣ್ತದೆ."

ಅವಳು ಹೇಳಿದ ಹಾಗೇ ಹಾಕಿದೆ. ದೊಡ್ಡವುಗಳ ನಡುವೆ ಅದು ಮರೆಯಾಯಿತು.

ವಾರ್ಷಿಕೋತ್ಸವದ ಬೆಳಿಗ್ಗೆ ತೋರಣ ಬಾಗಿಲಿಗೇರಿತು. ಬಾಗಿಲಿಗಿಂತ ಪಟ್ಟಿ ಒಂದು ಮೊಳ ಉದ್ದವಾಗಿತ್ತು. ಎರಡೂ ಕಡೆ ಇಳಿಬಿಟ್ಟೆವು, ಬೇಕಂತಲೇ ಮಾಡಿದ ಹಾಗೆ ಕಂಡಿತು. ಹುಡುಗಿಯರು ಬಾಗಿಲ ಕೆಳಗೆ ನಿಂತು ತಮ್ಮ ತಮ್ಮ ಹೂ ಹುಡುಕುತ್ತಿದ್ದರು. ಅಪ್ಪ ಅಮ್ಮಂದಿರನ್ನು ಕರೆತಂದು ಬೆರಳು ಮಾಡಿ ತೋರಿಸುತ್ತಿದ್ದರು. ಬೋಂಡದ ಹುಡುಗಿ ತನ್ನ ಅಜ್ಜಿಗೆ, "ನಡುವ್ಕೈತಲ್ಲ, ಅದೇ ಕಣಜ್ಜಿ," ಎಂದದ್ದು ನನಗೆ ಕೇಳಿಸಿತು. ನಡುವೆ ಹಾಕಿದ್ದನ್ನು ಅವಳು ಮರ್ಯಾದೆ ಅಂದುಕೊಂಡಿದ್ದಳು.

ಅಂದಿನ ಅತಿಥಿ ಊರಿನ ಒಬ್ಬ ದೊಡ್ಡ ಈರುಳ್ಳಿ ವ್ಯಾಪಾರಿ. ಶಾಲೆಗೆ ಬೆಂಚು ಮಾಡಿಸಿಕೊಟ್ಟಿದ್ದವರು, ಒಳ್ಳೆಯ ಮನುಷ್ಯ. ಒಳಗೆ ಬರುವಾಗ ತೋರಣ ನೋಡಿ, "ಭಾರಿ ಚೆನ್ನಾಗದೆ, ಯಾರು ಮಾಡಿದ್ದು?" ಎಂದು ಕೇಳಿದರು. ನಮ್ಮ ಹೆಣ್ಣುಮಕ್ಕಳು ಎಂದು ಹೆಡ್‌ಮಾಸ್ಟರು ಹೆಮ್ಮೆಯಿಂದ ಹೇಳಿದರು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹೆಡ್‌ಮಾಸ್ಟರಿಗೆ ಏನನ್ನಿಸಿತೋ, ಪಿ.ಟಿ. ಮೇಷ್ಟ್ರನ್ನು ಕುರ್ಚಿ ಹತ್ತಿಸಿ ತೋರಣ ಬಿಚ್ಚಿಸಿದರು. ಮಡಿಚಿ, ಹಣ್ಣಿನ ತಟ್ಟೆಯ ಮೇಲಿಟ್ಟು, ಶಾಲೆಯ ಮಕ್ಕಳ ಪರವಾಗಿ ನೆನಪಿನ ಕಾಣಿಕೆ ಎಂದು ಅತಿಥಿಗಳ ಕೈಗೆ ಕೊಟ್ಟರು.

"ಅಯ್ಯೋ ಬೇಡ ಬುಡಿ ಸಾರ್, ಮಕ್ಕಳು ಮಾಡಿರದು, ಇಲ್ಲೇ ಇರ್ಲಿ," ಎಂದರು ಅವರು.

"ಮಕ್ಕಳಿಗೆ ನೀವು ಅಷ್ಟು ಮಾಡಿದ್ದೀರಿ. ಮಕ್ಕಳಿಗೂ ಸಂತೋಷ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿಯರೂ ತಟ್ಟಿದರು. ತಟ್ಟೆ ಕಾರಿನ ಹಿಂದಿನ ಸೀಟಿಗೆ ಹೋಯಿತು. ಕಾರು ಗೇಟು ದಾಟಿದ ಮೇಲೆ ಕುಶನ್ ಅಂಗಡಿಯ ಹುಡುಗಿ ನನ್ನ ಹತ್ತಿರ ಬಂದಳು.

"ಸಾರ್, ಅಬ್ಬಾ ಸಂಜೆ ನೋಡಕ್ಕೆ ಬರ್ತೀನಿ ಅಂದಿದ್ರು. ಕೈಗೆ ಬ್ಯಾಂಡೇಜ್ ಕಟ್ಕೊಂಡೇ ಬರ್ತಾರೆ."

"ಬರಲಿ, ನಾನು ಮಾತಾಡ್ತೀನಿ," ಎಂದೆ.

ಭಾಯ್ ಬಂದರು. ಬಲಗೈಗೆ ಬಿಳಿ ಬ್ಯಾಂಡೇಜು, ಕತ್ತಿಗೆ ಜೋಳಿಗೆಯ ಹಾಗೆ ಬಟ್ಟೆ ಕಟ್ಟಿಕೊಂಡಿದ್ದರು. ಶಾಮಿಯಾನ ಬಿಚ್ಚುತ್ತಿದ್ದರು, ಬಾಗಿಲು ಬರಿದಾಗಿತ್ತು. ನಡೆದದ್ದನ್ನು ಹೇಳಿದೆ. ಅವರು ಬಾಗಿಲ ಮೇಲಿನ ಮೊಳೆಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಪೂರ್ತಿ ಆಗಿತ್ತಾ ಸಾರ್?"

"ಆಗಿತ್ತು. ಒಂದು ಮೊಳ ಉದ್ದಾನೂ ಆಗಿತ್ತು."

"ಹಂಗಾದ್ರೆ ಸರಿ ಬುಡಿ. ಪೂರ್ತಿ ಆಯ್ತಲ್ಲ."

ಮುಂದಿನ ಪೀರಿಯಡ್ಡಿಗೆ ಹುಡುಗಿಯರು ಕಡ್ಡಿ ತಂದಿರಲಿಲ್ಲ. ತರಲು ನಾನೂ ಹೇಳಲಿಲ್ಲ. ಪರೀಕ್ಷೆ ಹತ್ತಿರವಾಗಿತ್ತು, ಬೀಜಗಣಿತವೇ ನಡೆಯಿತು. ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಹೊಸ ಹೊಲಿಗೆ ಮೇಡಂ ಬಂದಿದ್ದರು. ಬೀರುವಿನ ಬೀಗದಕೈ ಅವರಿಗೆ ಕೊಟ್ಟೆ. ಹಗುರ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಆ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಕೂತರೆ ಕೈ ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲೆ ಬಿದ್ದಿರುತ್ತಿತ್ತು.

ಭಾಯ್ ಅಂಗಡಿ ಮತ್ತೆ ತೆರೆಯಿತು. ಮಿಷನ್ನಿನಲ್ಲಿ ರೆಕ್ಸಿನ್ ಹೊಲಿಯಲು ತೊಂದರೆಯಿರಲಿಲ್ಲ. ಅದನ್ನು ಸೀಟಿಗೆ ಬಿಗಿದು ಎಳೆಯುವುದಕ್ಕೆ ತಮ್ಮ ಭಾವಮೈದುನನನ್ನು ಕರೆಸಿಕೊಂಡಿದ್ದರು. ಸಣ್ಣ ಕಡ್ಡಿ ಮಾತ್ರ ಆ ಕೈಗೆ ಮತ್ತೆ ಬರಲಿಲ್ಲ. ಹಿಡಿದರೆ ಹಿಡಿದಿದ್ದೇನೋ ಇಲ್ಲವೋ ಗೊತ್ತಾಗುವುದಿಲ್ಲ ಎಂದರು. ಮಗಳನ್ನು ಕರೆದುಕೊಳ್ಳುವ ಪಾಳಿ ನನ್ನದಲ್ಲದ ದಿನಗಳಲ್ಲಿ ನಾನು ಆಗಲೂ ಹೋಗಿ ಲಾರಿ ಸೀಟಿನ ಮೇಲೆ ಕೂರುತ್ತಿದ್ದೆ. ಅವರೆದುರು ನಾನೊಬ್ಬನೇ ಕ್ರೋಷಾ ಹಾಕುವುದು ಸರಿ ಕಾಣುತ್ತಿರಲಿಲ್ಲ. ಟೀ ತರಿಸಿ ಕುಡಿಯುತ್ತಿದ್ದೆವು. ಒಮ್ಮೆ ಅವರೇ ಕೇಳಿದರು.

"ಯಾಕೆ ಸಾರ್, ಬುಟ್ಬುಟ್ರಾ?"

"ಪೀರಿಯಡ್ ಹೋಯ್ತಲ್ಲ ಭಾಯ್."

"ಪೀರಿಯಡ್‌ಗೇ ಹಾಕ್ತಿದ್ರಾ ನೀವು?"

ಮುಂದಿನ ಸಲ ಚೀಲದಲ್ಲಿ ಕಡ್ಡಿ, ದಾರ ಇಟ್ಟುಕೊಂಡು ಹೋದೆ. ನಾನು ಹಾಕುತ್ತಿದ್ದರೆ ಅವರು ನೋಡುತ್ತಿದ್ದರು. ಸಾಲು ತಪ್ಪಿದರೆ ಗದ್ದ ಎತ್ತಿ ತೋರಿಸುತ್ತಿದ್ದರು. ಹಾಗೆ ಮನೆಯ ರೇಡಿಯೋಗೊಂದು ಹೊದಿಕೆ ಆಯಿತು, ಮಗಳ ಗೊಂಬೆಗೊಂದು ಶಾಲು ಆಯಿತು. ಯಾವುದೂ ನೆಟ್ಟಗಿರಲಿಲ್ಲ. ಮಗಳು ಆ ಶಾಲನ್ನು ಗೊಂಬೆಗೆ ಹೊದಿಸದೆ ತನ್ನ ಕತ್ತಿಗೆ ಸುತ್ತಿಕೊಂಡು ತಿರುಗಿದಳು.

ಎರಡು ವರ್ಷ ಕಳೆದ ಮೇಲೆ, ಬಹಳ ದಿನದಿಂದ ಕೇಳುತ್ತಿದ್ದ ವರ್ಗಾವಣೆ ಸಿಕ್ಕಿತು. ಚಾಮರಾಜನಗರಕ್ಕೇ. ಗುಂಡ್ಲುಪೇಟೆಯ ಕೊನೆಯ ದಿನ ಶಾಲೆಯಲ್ಲಿ ಹಾರ ಹಾಕಿದರು, ಭಾಷಣ ಮಾಡಿದರು. ಅದನ್ನೆಲ್ಲ ಮುಗಿಸಿ ಅಂಗಡಿಗೆ ಹೋದೆ. ಭಾಯ್ ಮಗಳು ಆಗ ಹತ್ತನೇ ಕ್ಲಾಸು ಮುಗಿಸಿದ್ದಳು. ಕಂಪ್ಯೂಟರ್ ಕಲಿಯಬೇಕಂತೆ, ಉಲ್ಲನ್ ಕಂಡರೆ ಕೈ ಮುಗಿಯುತ್ತಾಳೆ ಎಂದರು. ಟೀ ಬಂತು.

"ಇನ್ನು ಬಸ್ಸಿನ ಕಾಟ ಇಲ್ಲ ನಿಮಗೆ."

"ಇಲ್ಲ. ಶಾಲೆ ಮನೆಯಿಂದ ನಡೆದು ಹೋಗೋವಷ್ಟು ಹತ್ತಿರ."

"ಒಳ್ಳೇದಾಯ್ತು. ಮಲ್ಕೊಳ್ಳಿ ಸ್ವಲ್ಪ. ನಿಮ್ಮ ಕಣ್ಣು ಯಾವಾಗ್ಲೂ ಕೆಂಪಗಿರ್ತಿತ್ತು."

ಅಷ್ಟರಲ್ಲಿ ಕೇರಳದ ಲಾರಿಯೊಂದು ಬಂದು ನಿಂತಿತು. ಡ್ರೈವರ್ ಇಳಿದು, ಸೀಟು ಪೂರ್ತಿ ಕಿತ್ತುಹೋಗಿದೆ, ಘಾಟಿ ಹತ್ತಬೇಕು, ಬೇಗ ಆಗಬೇಕು ಎಂದು ಅರ್ಧ ಮಲಯಾಳದಲ್ಲಿ ಅರ್ಧ ಕನ್ನಡದಲ್ಲಿ ಹೇಳಿದ. ಭಾವಮೈದುನ ಅಂದು ಇರಲಿಲ್ಲ. ಭಾಯ್ ಒಬ್ಬರೇ ಸೀಟು ಇಳಿಸಿ, ನಾರು ತುಂಬಿ, ರೆಕ್ಸಿನ್ ಹೊದಿಸಿದರು. ಆಮೇಲೆ ಕೈ ನೋಡಿಕೊಂಡು ನಿಂತರು. ನಾನು ಎದ್ದು ಹೋಗಿ ರೆಕ್ಸಿನ್ನಿನ ಅಂಚನ್ನು ಹಿಡಿದುಕೊಂಡೆ.

"ಎಳೀರಿ ಸಾರ್. ಇಲ್ಲಿ ಬಿಗಿ ಬೇಕು."

ಎಳೆದೆ. ಅವರು ಎಡಗೈಯಲ್ಲಿ ಮೊಳೆ ಹೊಡೆದರು. ಒಂದು ಬದಿ ಮುಗಿದು ಇನ್ನೊಂದು ಬದಿಗೆ ತಿರುಗುವಾಗ ಚಾಮರಾಜನಗರದ ಬಸ್ಸು ಅಂಗಡಿಯ ಮುಂದೆಯೇ ಹಾದುಹೋಯಿತು. ಕಂಡಕ್ಟರು ನನ್ನನ್ನು ನೋಡಿ ಸೀಟಿ ಊದಿದ. ಮುಂದಿನದಕ್ಕೆ ಬರುತ್ತೇನೆ ಎಂದು ಗದ್ದದಲ್ಲೇ ಸನ್ನೆ ಮಾಡಿದೆ, ಎರಡು ಕೈಯೂ ರೆಕ್ಸಿನ್ನಿನಲ್ಲಿತ್ತು.